ಓಕ್ನಾ ಕೆರೆಯುವ ಶನಿವಾರಗಳು

"ಏನ್ರೀ, ಕಾಡಿಗೆ ವಿಷ ಹಾಕ್ತಿದ್ದೀರಾ?"

ನೆರಿಡಾ ಹಿತ್ತಲ ಬೇಲಿಯಿಂದಲೇ ಕೂಗಿದಳು. ಆಚೆ ನೀಲಗಿರಿ ಮರಗಳ ಕೆಳಗೆ ಮಂಡಿಯೂರಿದ್ದ ನರೆಗಡ್ಡದವನು ತಲೆಯೆತ್ತಿ ನಕ್ಕ. ಕೈಯಲ್ಲಿ ಚಾಕು, ಪಕ್ಕದಲ್ಲಿ ಪುಟ್ಟ ಸೀಸೆ.

"ಕಾಡಿಗಲ್ಲ, ನಿಮ್ಮ ಓಕ್ನಾ ಗಿಡದ ಮಕ್ಕಳಿಗೆ. ನಿಮ್ಮ ಬೇಲಿ ಹಣ್ಣು ತಿಂದು ಹಕ್ಕಿಗಳು ಕಣಿವೆ ತುಂಬ ಬಿತ್ತಿವೆ. ಇಲ್ಲಿಯ ಗಿಡಗಳಿಗೇ ಈಗ ಜಾಗವಿಲ್ಲ."

ಕೆಂಪು ದಳಗಳ ಮೇಲೆ ಕಪ್ಪು ಹಣ್ಣು ಬಿಡುವ ಆ ಗಿಡಗಳನ್ನು ಅವಳ ಅಮ್ಮ ನೆಟ್ಟಿದ್ದರು. ನೆರಿಡಾ ಮೂರು ದಿನ ಮುನಿಸಿಕೊಂಡಿದ್ದಳು. ನಾಲ್ಕನೆಯ ದಿನ ತಾನೇ ಕಡಿದಳು. ಮುಂದಿನ ಶನಿವಾರ ಕೈಗವಸು ತೊಟ್ಟು ಅವನೆದುರು ನಿಂತಳು.

ಅವನ ಹೆಸರು ಆಲಸ್ಟರ್. ಹೆಂಡತಿ ತೀರಿಕೊಂಡ ಮೇಲೆ ಈ ಕಣಿವೆಯೇ ಅವನ ಸಂಸಾರ.

"ಕೀಳಬೇಡಿ. ಬೇರು ನೇರ ಪಾತಾಳಕ್ಕಿಳಿದಿರುತ್ತೆ, ತುಂಡಾದ್ರೆ ಮತ್ತೆ ಚಿಗುರುತ್ತೆ. ತೊಗಟೆ ಕೆರೆದು ತಕ್ಷಣ ಔಷಧಿ ಸವರಿ." ಅವಳ ಬೆರಳನ್ನು ಕಾಂಡದ ಮೇಲಿಟ್ಟ. "ಸಣ್ಣ ಸಣ್ಣ ಗಂಟು ಸಿಕ್ತಾ? ಓಕ್ನಾ ಗುರುತು ಅದೇ."

ಸಿಕ್ಕಿತ್ತು. "ಇನ್ನೂ ಇಲ್ಲ," ಎಂದಳು.

ಚಳಿಗಾಲವೆಲ್ಲ ಹಾಗೇ ಕಳೆಯಿತು. ಅವಳು ಶನಿವಾರದಿಂದ ಶನಿವಾರಕ್ಕೆ ಬದುಕತೊಡಗಿದಳು.

ಒಂದು ದಿನ, ಅವನ ಕಡೆಯೇ ಕಣ್ಣಿಟ್ಟುಕೊಂಡು, ಎಲೆಯಂಚು ಒಂದೇ ಥರ ಇದೆಯೆಂದು ಇಲ್ಲಿಯದೇ ಆದ ಬೇರೆ ಗಿಡವನ್ನು ಕೆರೆದು ಔಷಧಿ ಸವರಿಬಿಟ್ಟಳು. ಇಡೀ ಕಣಿವೆಯಲ್ಲಿ ಆ ಜಾತಿಯವು ಎರಡೇ ಉಳಿದಿದ್ದವು. ಆಲಸ್ಟರ್ ಅವಳ ಕೈಯಿಂದ ಚಾಕು ತೆಗೆದುಕೊಂಡ. ಆಮೇಲೆ, "ನೀವಿನ್ನು ಮನೆಗೆ ಹೋಗಿ," ಎಂದ.

ಮೂರು ಶನಿವಾರ ಅವಳು ಕಿಟಕಿಯ ಪರದೆಯ ಹಿಂದೆ ನಿಂತು ಅವನ ಚಾಕುವಿನ ಸದ್ದು ಕೇಳಿದಳು. ಚಹಾ ತಣ್ಣಗಾಗುತ್ತಿತ್ತು. ಹೋಗಲು ಮುಖವಿರಲಿಲ್ಲ.

ನಾಲ್ಕನೆಯ ಶನಿವಾರ ಸದ್ದೇ ಇಲ್ಲ. ಬರಿಗಾಲಲ್ಲೇ ಓಡಿದಳು.

ಅವನು ಬಂಡೆಯ ಮೇಲೆ ಕೂತು ಅವಳ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದ.

"ಕೆಲಸ ಯಾಕೆ ನಿಲ್ಲಿಸಿದ್ರಿ?"

"ಕೈ ಓಡ್ತಿಲ್ಲ ನೆರಿಡಾ. ಅವತ್ತು ಗಿಡದ ಸಂಕಟಕ್ಕೆ ಹೋಗು ಅಂದುಬಿಟ್ಟೆ. ನೀನು ನಿಜವಾಗ್ಲೂ ಹೋಗ್ತೀಯ ಅಂದ್ಕೊಂಡಿರ್ಲಿಲ್ಲ."

'ನೀನು' ಎಂದಿದ್ದ. ಅವಳ ಕಣ್ಣು ತುಂಬಿತು.

"ನಾನು ಗಿಡಕ್ಕೋಸ್ಕರ ಬರ್ತಿರ್ಲಿಲ್ಲ ಆಲಸ್ಟರ್. ಅದಕ್ಕೇ ತಪ್ಪಾಗಿದ್ದು."

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಭುಜ ತಾಕುವಷ್ಟು ಹತ್ತಿರ ಕೂತಳು.

"ಈ ಕಣಿವೆ ಪೂರ್ತಿ ಚೊಕ್ಕಟ ಆಗೋಕೆ ಎಷ್ಟು ವರ್ಷ ಬೇಕು?"

"ಇಬ್ಬರೂ ಸೇರಿದ್ರೆ ಹತ್ತು, ಹನ್ನೆರಡು."

"ಅಷ್ಟು ಸಾಲದು," ಎಂದು ಅವನ ಕೈ ಹಿಡಿದುಕೊಂಡಳು.