ಸೋಮವಾರದ ಹೊಟ್ಟೆನೋವು

ಲೊಕ್ಕನಹಳ್ಳಿಯ ರಾಮಮ್ಮ ಸೋಮವಾರ ಮಧ್ಯಾಹ್ನ ಆಸ್ಪತ್ರೆಯ ಜಗಲಿಯ ಮೇಲೆ ಉಸಿರು ಸಿಗದೆ ಸತ್ತಳು. ಆಮ್ಲಜನಕದ ಸಿಲಿಂಡರು ಒಳಗಿತ್ತು. ಅದರ ಪಕ್ಕದ ಮಂಚವಿರಲಿ, ಇಡೀ ವಾರ್ಡಿನಲ್ಲೇ ಒಂದು ಮಂಚ ಖಾಲಿ ಇರಲಿಲ್ಲ.

"ತನ್ನೋರ್ಗೆಲ್ಲ ಮಂಚ ಕೊಟ್ಟವ್ಳೆ! ನಮ್ಗೆ ಜಗ್ಲಿ!" ಗಂಡ ಚಿಕ್ಕಸಿದ್ದಯ್ಯ ನರ್ಸ್ ವಿಜಯಮ್ಮನ ಮೇಲೆ ಕೂಗಾಡಿದ. ಡಾಕ್ಟರೂ ಹೌದೆಂಬಂತೆ ತಲೆಯಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಾರನೆಯ ದಿನ ಆಡಳಿತ ಮಂಡಳಿಯವರು ಬರುವುದರೊಳಗೆ ಬೇರೆ ಕಾರಣ ಸಿಗದಿದ್ದರೆ ವಿಜಯಮ್ಮನ ಕೆಲಸ ಹೋದಂತೆಯೇ. ಕೊಳ್ಳೇಗಾಲದ ಮನೆಯಲ್ಲಿ ಅಪ್ಪನ ಮಗ್ಗ ನಿಂತು ವರ್ಷವಾಗಿತ್ತು. ಆದರೂ ಅವಳಿಗೆ ಅಳು ಬರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

ಮಂಗಳವಾರ ಬೆಳಿಗ್ಗೆ ಕೆಂಪನಂಜಪ್ಪ ಅವಳನ್ನು ಕರೆದರು. ಎಷ್ಟು ಮಂಚ ಹೆಚ್ಚಿಸಬೇಕೆಂದು ನೋಡಲು ಮೈಸೂರಿನಿಂದ ಬಂದಿದ್ದ ಸಂಖ್ಯಾಶಾಸ್ತ್ರದ ಅಧಿಕಾರಿ. ನೆಲದ ಮೇಲೆ ಸೀಮೆಸುಣ್ಣದ ಮನೆಗಳು. ಒಂದೊಂದು ಮನೆ ಒಂದೊಂದು ಮಂಚ. ಹುಣಸೆಬೀಜಗಳು ರೋಗಿಗಳು. ಕವಡೆ ಎಸೆದು, ಬಿದ್ದಷ್ಟು ಬೀಜ ಒಳಗೆ. ಮತ್ತೆ ಎಸೆದು, ಗುಣವಾದವು ಹೊರಗೆ.

"ಚೌಕಾಬಾರ ಆಡ್ತಿದೀರಾ ಸಾರ್?"

"ಆಸ್ಪತ್ರೆ ಆಡ್ತಿದೀನಮ್ಮ. ಸಿಮ್ಯುಲೇಶನ್ ಅಂತಾರೆ. ಎಷ್ಟು ಸಲ ಆಡಿದರೂ ಸೋಮವಾರ ಮಂಚ ಉಳಿಯುತ್ತೆ. ನಿಮ್ಮ ವಾರ್ಡಲ್ಲಿ ಮಾತ್ರ ಯಾಕಿಲ್ಲ?"

"ಸೋಮವಾರ ಎಲ್ಲರಿಗೂ ನೋವು ಜಾಸ್ತಿ ಸಾರ್. ಡಾಕ್ಟರು ಮನೆಗೆ ಕಳಿಸೋದೇ ಇಲ್ಲ."

"ಮಂಗಳವಾರ?"

"ಎಲ್ಲರಿಗೂ ವಾಸಿ—"

ಕೆಂಪನಂಜಪ್ಪ ಹೊರಗೆ ನಡೆದರು. ಜಗಲಿಯಲ್ಲಿ ರಾಮಮ್ಮನ ಹೆಣ ಇನ್ನೂ ಹಾಗೇ ಇತ್ತು.

"ನಿನ್ನೆಯೇ ಯಾಕೆ ತಗೊಂಡು ಹೋಗಲಿಲ್ಲಪ್ಪ?"

"ಬಸ್ನೋರು ಹೆಣ ಅತ್ತುಸ್ಕಳಾಕಿಲ್ಲ ಸಾ," ಎಂದ ಚಿಕ್ಕಸಿದ್ದಯ್ಯ. "ಗಾಡಿ ಯಾರ್ ಕೊಟ್ಟಾರು? ಸೋಮಾರ ಬಸವಣ್ಣನ ದಿನ. ಎತ್ತು ಕಟ್ಟಂಗಿಲ್ಲ."

ಕೆಂಪನಂಜಪ್ಪ ತಟ್ಟನೆ ಒಳಗೆ ಬಂದು ಸಿಲಿಂಡರಿನ ಪಕ್ಕದ ಮಂಚದ ಮುಂದೆ ನಿಂತರು. ಡಾಕ್ಟರೂ ಅಲ್ಲೇ ಇದ್ದರು. ಆ ಮಂಚದ ರೋಗಿ, ಅಜ್ಜೀಪುರದ ದೊಡ್ಡಮಾದಪ್ಪ, ಮನೆಗೆ ಹೊರಡಲು ಗಂಟು ಕಟ್ಟುತ್ತಿದ್ದ. ಅವನ ಗಾಡಿ ಗೇಟಿನ ಹತ್ತಿರ ಬಂದು ನಿಂತಿತ್ತು.

"ಡಾಕ್ಟರೇ, ನನ್ನ ಆಟದಲ್ಲಿ ಗುಣವಾದ ಬೀಜ ಆ ಕ್ಷಣವೇ ಹೊರಗೆ ಹೋಗುತ್ತೆ. ಇಲ್ಲಿ ಹೋಗಲ್ಲ, ಗಾಡಿಗೆ ಕಾಯುತ್ತೆ. ಕಾಯೋದಕ್ಕೊಂದು ನೋವು ಹೇಳುತ್ತೆ. ನೀವು ಪಟ್ಟಣದವರು, ವಿಜಯಮ್ಮ ಮಗ್ಗದ ಮನೆಯವಳು. ಇಬ್ಬರಿಗೂ ಎತ್ತಿನ ವಾರ ಗೊತ್ತಿಲ್ಲ. ನಿನ್ನೆ ಈ ಮಂಚ ಹಿಡಿದವನು ಇವನೇ. ಹೇಳಪ್ಪ, ನಿನ್ನೆ ಹೊಟ್ಟೆನೋವಿತ್ತಾ?"

ದೊಡ್ಡಮಾದಪ್ಪ ತಲೆ ತಗ್ಗಿಸಿದ. "ಇರ್ನಿಲ್ಲ ಸಾ. ದಾರ ಆಕಿ ವೊಲಿದಿರೋ ಗಾಯ, ಬಸ್ಸಿನ ಗಂಟ ನಡಿಯಕಾಗಾಕಿಲ್ಲ. ಎಲ್ಗೋಗ್ಲಿ? ಆಚೆ ಒಬ್ಬವ್ವ ಸಾಯ್ತಾವ್ಳೆ ಅಂತ ನಂಗೊತ್ತಿರ್ನಿಲ್ಲ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಸಿದ್ದಯ್ಯ ಹೊಡೆಯುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಹೊಡೆಯಲಿಲ್ಲ.

"ನಮ್ಮಟ್ಟೀಲೂ ಎತ್ತವೆ," ಎಂದ. "ನಾನೂ ಕಟ್ನಿಲ್ಲ. ಬಸ್ಸಿನ ಗಂಟ ಅವ್ಳ್ನ ಎಗಲ್ಮೇಲೆ ಒತ್ಕಂಡ್ ಬಂದೆ. ಒತ್ತಾಗೋಯ್ತು."

ದೊಡ್ಡಮಾದಪ್ಪ ತನ್ನ ಗಂಟನ್ನು ಕೆಳಗಿಟ್ಟ.

"ನನ್ ಗಾಡೀಲಿ ಮಲಗ್ಸು ತಮ್ಮಯ್ಯ. ನಾನು ನಾಳೀಕೆ ಓಯ್ತೀನಿ."

ಆಡಳಿತ ಮಂಡಳಿಗೆ ಹೇಳಲು ಕಾರಣ ಸಿಕ್ಕಿತ್ತು; ವಿಜಯಮ್ಮನ ಕೆಲಸ ಉಳಿಯಿತು. ಸಂತೋಷವೇನೂ ಆಗಲಿಲ್ಲ. ಹೆಣದ ಕಾಲಿನ ಕಡೆ ಹಿಡಿದುಕೊಂಡು ಅವಳೂ ಗಾಡಿಯವರೆಗೆ ನಡೆದಳು.