ನೆನಪಿದೆ ಅಂದವಳು

ಟಿಕೆಟ್ ಕೊಡುವ ಮೊದಲು ಕಂಡಕ್ಟರ್ ನನ್ನ ಮುಖವನ್ನು ಎರಡು ಸಲ ನೋಡಿದ.

"ನೀವು ಶೇಷಪ್ಪನ ಮಗಳು ಅಂಬಿಕಾ ಅಲ್ವಾ?"

"ಹೌದು."

"ನಾನು ಲೋಕೇಶ. ಮುತ್ತಿನಕೊಪ್ಪ ಶಾಲೆ, ನಾಲ್ಕನೇ ಕ್ಲಾಸು. ನೆನಪಿಲ್ವಾ?"

"ಅಯ್ಯೋ, ನೆನಪಿಲ್ದೆ ಎಂತ! ಎಷ್ಟು ಉದ್ದ ಆಗಿದೀರಿ ಮಾರಾಯ್ರೆ!"

ನನಗೆ ಏನೂ ನೆನಪಿರಲಿಲ್ಲ.

ಅಪ್ಪ ಎಸ್ಟೇಟ್ ಕೆಲಸದವನು. ಶೃಂಗೇರಿ ಕಡೆ, ಕೊಪ್ಪದ ಕಡೆ, ಎನ್.ಆರ್. ಪುರದ ಕಡೆ, ತೋಟದ ಕೂಲಿಯವರ ಒಂದು ಲೈನ್ ಮನೆಯಿಂದ ಇನ್ನೊಂದಕ್ಕೆ. ಹತ್ತನೇ ಕ್ಲಾಸಿನೊಳಗೆ ನನಗೆ ಏಳು ಶಾಲೆಗಳಾದವು. ಹೊಸಬರ ನಡುವೆ ಬೇಗ ಬೆರೆಯಲು ಒಂದೇ ಉಪಾಯ ಕಲಿತಿದ್ದೆ: ಅವರು ನಕ್ಕಾಗ ನಗುವುದು, ಅವರು ಹೇಳಿದ್ದಕ್ಕೆ ಹೂಂ ಅನ್ನುವುದು.

ಟಿಕೆಟ್ ಕೊಟ್ಟ ಆ ದಿನದಿಂದ ಎಂಟು ತಿಂಗಳು, ಕೊಪ್ಪದಿಂದ ಎನ್.ಆರ್. ಪುರದ ಲ್ಯಾಬಿಗೆ ಕೆಲಸಕ್ಕೆ ಹೋಗುವಾಗ ಬಾಗಿಲ ಪಕ್ಕದ ಸೀಟಿನಲ್ಲೇ ಕೂತೆ. ರಷ್ ಕಡಿಮೆಯಾದರೆ ಲೋಕೇಶ ಕಂಬಕ್ಕೆ ಒರಗಿ ಮಣಿಕಟ್ಟು ಚಾಚುತ್ತಿದ್ದ.

"ನೋಡು, ನೀನು ಕಚ್ಚಿದ್ದು. ಇನ್ನೂ ಹೋಗಿಲ್ಲ."

"ಯಾಕೆ ಕಚ್ಚಿದ್ದು ಅಂತ ನೀನೇ ಹೇಳು. ತಪ್ಪು ನಿಂದಲ್ವಾ?"

"ಲೈನ್ ಮನೆ ಹುಡುಗಿ ಅಂದಿದ್ದೆ."

"ಮತ್ತೆ! ಕಚ್ಚದೆ ಮುತ್ತು ಕೊಡ್ಬೇಕಿತ್ತಾ?"

ಅವನ ಕಿವಿ ಕೆಂಪಾಯಿತು. ಸೀಟಿ ಊದಲು ಮರೆತು ಒಬ್ಬ ಅಜ್ಜಿಯನ್ನು ಅವಳ ಸ್ಟಾಪ್ ದಾಟಿಸಿ ಕರೆದೊಯ್ದ. ಆಕೆ ಬೈಯುತ್ತ ಇಳಿದಾಗ ನಾವಿಬ್ಬರೂ ಕಿಟಕಿಯಾಚೆ ನೋಡುತ್ತ ನಗು ತಡೆದುಕೊಂಡೆವು.

ಆ ಬಿಳಿ ಗುರುತನ್ನು ಮುಟ್ಟಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು, ಹಿಂದೆಯೇ ನಾಚಿಕೆ. ಯಾರಿಗೋ ಇಟ್ಟ ಪ್ರೀತಿಯನ್ನು ನಾನು ಕದ್ದು ತಿನ್ನುತ್ತಿದ್ದೆ.

ಒಂದು ಭಾನುವಾರ ಅವನ ತಾಯಿ ಭೈರಮ್ಮ ಮದುವೆ ಮಾತಾಡಲು ಊಟಕ್ಕೆ ಕರೆದರು. ಮುತ್ತಿನಕೊಪ್ಪದಲ್ಲಿ ಇಳಿದು ಅವನ ಮನೆಯ ಕಡೆ ನಡೆದೆವು.

"ಕಚ್ಚೋ ಹುಡುಗಿಗೆ ಅಂತ ಕೋಳಿಕಾಲು ಎತ್ತಿಟ್ಟಿದಾಳೆ ಅವ್ವ," ಎಂದ.

ನನ್ನ ಕಾಲು ಮುಂದೆ ಹೋಗಲಿಲ್ಲ.

"ಲೋಕೇಶ, ನಂಗೆ ನೆನಪಿಲ್ಲ."

"ಎಂತದು?"

"ಶಾಲೆ. ಕಚ್ಚಿದ್ದು. ನೀನು. ಒಂದೂ ಇಲ್ಲ. ಮೊದಲ ದಿನದಿಂದ ಸುಳ್ಳು ಹೇಳಿದೀನಿ."

ನಗಲು ಹೊರಟವನು ನನ್ನ ಮುಖ ನೋಡಿ ಮೋರಿಕಟ್ಟೆಯ ಮೇಲೆ ಕೂತ.

"ಹದಿನಾರು ವರ್ಷ ಮಾರಾಯ್ತಿ! ನೀ ಹೋದ್ಮೇಲೆ ಎಷ್ಟೋ ದಿನ ಪಕ್ಕದಲ್ಲಿ ನಿನ್ನ ಜಾಗ ಬಿಟ್ಟೇ ಕೂತಿದ್ದೆ ನಾನು."

"ಹೊಸ ಶಾಲೆಗೆ ಹೋದ ದಿನವೇ ಹಳೇದನ್ನ ಮರೀತಿದ್ದೆ. ಇಲ್ದಿದ್ರೆ ಅಳು ಬರ್ತಿತ್ತು. ಅಳೋರ ಪಕ್ಕ ಯಾರೂ ಕೂರಲ್ಲ."

"ಬಸ್ಸಲ್ಲಿ ನನ್ನ ನೋಡಿ ನಗ್ತಿದ್ದಿದ್ದೂ ಸುಳ್ಳಾ?"

"ಅದೊಂದು ಅಲ್ಲ. ನಂಗೆ ಗೊತ್ತಿರೋದು ಬಸ್ಸಿನ ಲೋಕೇಶ. ಅವನನ್ನೇ ಇಷ್ಟಪಟ್ಟಿದ್ದು. ನೀನು ಹೋಗು ಅಂದ್ರೆ ಹೋಗ್ತೀನಿ. ಹೋಗಿ ರೂಢಿ ಇದೆ."

ಒಂದು ಬೈಕು ದಾಟಿ ಹೋಯಿತು. ನನಗೆ ತಟ್ಟನೆ ಹೊಳೆಯಿತು: ಒಂಬತ್ತು ವರ್ಷದ ಅಂಬಿಕಾಳನ್ನು ಬಲ್ಲವನು ಈ ಭೂಮಿಯ ಮೇಲೆ ಇವನೊಬ್ಬನೇ. ಅಮ್ಮ ಮೊದಲೇ ಇರಲಿಲ್ಲ, ಅಪ್ಪ ದಿನವಿಡೀ ಕೆಲಸದಲ್ಲಿರುತ್ತಿದ್ದ, ನಾನೋ ಅವಳನ್ನು ಎಲ್ಲೋ ಬಿಟ್ಟು ಬಂದಿದ್ದೆ.

"ಅವಳು ಹೆಂಗಿದ್ಲು?" ಎಂದೆ.

ರಸ್ತೆ ನೋಡುತ್ತಲೇ ಹೇಳಿದ. "ನಿನ್ನ ಟಿ.ಸಿ. ಬಂದಿರ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸ್ರೇ ಇರ್ಲಿಲ್ಲ. ಮೇಷ್ಟ್ರು ಎಲ್ರನ್ನೂ ಕರೆದು ಪುಸ್ತಕ ಮುಚ್ಚಿದ್ಮೇಲೆ ನೀನೇ ಎದ್ದು, 'ಅಂಬಿಕಾ, ಹಾಜರ್ ಸಾರ್' ಅಂತ ಕೂಗ್ತಿದ್ದೆ. ದಿನಾ. ಹೊರಗೆ ರಸ್ತೆಗೆ ಕೇಳೋ ಹಂಗೆ."

ನನಗೆ ಅಳು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಪಕ್ಕ ಕುಸಿದು ಕೂತೆ. ಅವನು ನನ್ನ ಕಡೆ ನೋಡಲಿಲ್ಲ. ಎದ್ದೂ ಹೋಗಲಿಲ್ಲ.