ಖಾರದ ನೆಪ

“ನನ್ನ ಖಾರದ ಚಟ್ನಿ ಎಲ್ಲಿ?”

ವೈನ್ ಗ್ಲಾಸು ಒರೆಸುತ್ತಿದ್ದ ಗಂಡ ತಲೆ ಎತ್ತಲಿಲ್ಲ. “ತೆಗೆದುಬಿಟ್ಟೆ. ಇನ್ಮೇಲೆ ಮಾಡೋದು ಬೇಡ.”

ಅವಳ ಕೈ ಪುರಿ ಡಬ್ಬಿಯ ಮೇಲೇ ನಿಂತಿತು. ಅರ್ಧ ಕೆಫೆ, ಅರ್ಧ ವೈನ್ ಬಾರ್ ಆಗಿದ್ದ ಆ ಪುಟ್ಟ ಅಂಗಡಿಯಲ್ಲಿ ಚಾಟ್ ಕೌಂಟರ್ ಅವಳದು, ಬಾಟಲಿಗಳ ಕಪಾಟು ಅವನದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಯಾವತ್ತೂ ಕೈ ಹಾಕಿದ್ದಿಲ್ಲ.

“ಯಾರನ್ನ ಕೇಳಿ ತೆಗೆದೆ?”

“ನಾಲಿಗೆ ಸುಟ್ಕೊಂಡವರಿಗೆ ವೈನ್ ರುಚಿ ಎಲ್ಲಿ ತಿಳಿಯುತ್ತೆ?”

“ಜನ ಬರೋದು ನನ್ನ ಪಾನಿಪುರಿಗೆ ಕಣೋ, ನಿನ್ನ ಹುಳಿನೀರಿಗಲ್ಲ!”

ಕಿಟಕಿ ಪಕ್ಕ ಕೂತಿದ್ದ ನಿವೃತ್ತ ಮೇಷ್ಟ್ರು ನಕ್ಕರು. “ನಾನು ಎರಡಕ್ಕೂ ಬರ್ತೀನಮ್ಮಾ. ಜಗಳ ಆಮೇಲೆ ಆಡಿ, ಮೊದಲು ಒಂದು ಪ್ಲೇಟ್ ಕೊಡು.”

ಇಬ್ಬರೂ ನಗಲಿಲ್ಲ. ಮೇಷ್ಟ್ರು ಗ್ಲಾಸು ಎತ್ತಿಕೊಂಡು ಮೆಲ್ಲಗೆ ಹೊರಗಿನ ಮೇಜಿಗೆ ನಡೆದರು.

ಅವಳು ಏಪ್ರನ್ ಬಿಚ್ಚಿ ಎಸೆದಳು. “ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಕರೀಬೇಡ.”

ಬಾಗಿಲವರೆಗೆ ಹೋದವಳು ನಿಂತಳು. ಹೇಳದೆ ಹೋದರೆ... ಇನ್ನು ಯಾವತ್ತೂ ಹೇಳಲಾರೆ.

“ಮಗು ಹೊಟ್ಟೇಲೇ ಹೋದಾಗ ಎಲ್ರೂ ಅಳಬೇಡ ಅಂದ್ರು. ಅಮ್ಮ, ಅತ್ತೆ, ಡಾಕ್ಟ್ರು... ಇಲ್ಲಿ ಆ ಚಟ್ನಿ ತಿಂದು ಕಣ್ಣೀರು ಹಾಕಿದ್ರೆ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ಗಿರಾಕಿಗಳು ಖಾರ ಅಂದ್ಕೊಂಡು ನಗ್ತಿದ್ರು. ನಾನು ಅಳ್ತಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲೋ!”

ಅವನ ಕೈಯ ಬಟ್ಟೆ ಗ್ಲಾಸಿನೊಳಗೇ ಉಳಿಯಿತು.

“ವೈನ್ ಮಾತು ಸುಳ್ಳು ಕಣೇ. ನೀನು ದಿನಾ ಚಮಚಗಟ್ಟಲೆ ಬಾಯಿಗೆ ಹಾಕ್ಕೊಳ್ಳೋದು ಕಾಣ್ತಿತ್ತು... ಚಟ್ನಿ ಇಲ್ಲದಿದ್ರೆ ಅಳು ನಿಲ್ಲುತ್ತೆ ಅಂದ್ಕೊಂಡೆ. ಈ ದಡ್ಡನಿಗೆ ಹೊಳೆದಿದ್ದು ಅಷ್ಟೇ.”

“ನೀನು ಒಂದ್ಸಲಾನೂ ಅಳಲಿಲ್ಲ.”

“ನಾನೂ ಶುರು ಮಾಡಿದ್ರೆ ನಿನ್ನನ್ನ ಹಿಡ್ಕೊಳ್ಳೋರು ಯಾರು?”

“ನೀನು ಹಿಡ್ಕೊಂಡೇ ಇಲ್ವಲ್ಲೋ...”

ಅವನು ಗ್ಲಾಸು ಕೆಳಗಿಟ್ಟ. ಕೌಂಟರ್ ಸುತ್ತಿಕೊಂಡು ಬಂದ. ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಬಿಕ್ಕು ಬಂತು. ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದನೋ! ಕೊನೆಗೆ ಹಿಡಿದುಕೊಂಡವಳು ಅವಳೇ.

ಹೊರಗೆ, ಆಗಷ್ಟೇ ಬಂದ ಗಿರಾಕಿಗಳಿಗೆ ಹೇಳುತ್ತಿದ್ದ ಮೇಷ್ಟ್ರ ದನಿ ಕೇಳಿಸಿತು. “ಒಳಗೆ ಸ್ವಲ್ಪ ಕೆಲಸ ಇದೆ. ಇಲ್ಲೇ ಕೂತ್ಕೊಳ್ಳಿ, ಬರ್ತಾರೆ.”

ಅವಳು ಅವನ ಎದೆಗೆ ಹಣೆ ಒತ್ತಿದಳು. “ಮಗೂಗೆ ಹೆಸರು ಯೋಚಿಸಿಟ್ಟಿದ್ಯಾ?”

“ಹೂಂ.”

“ನನಗೆ ಹೇಳಲೇ ಇಲ್ಲ.”

“ಹುಟ್ಟಿದ ದಿನ ಹೇಳೋಣ ಅಂತಿದ್ದೆ.”

“ಈಗ ಹೇಳು.”

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಅವಳು ಕಣ್ಣು ಮುಚ್ಚಿದಳು.

“ಇನ್ನೊಂದ್ಸಲ...”

ಈ ಸಲ ಅವನು ಪಿಸುಗುಡಲಿಲ್ಲ. ಪಕ್ಕದ ಕೋಣೆಯಲ್ಲಿ ಆಡುತ್ತಿರುವ ಮಗುವನ್ನು ಕರೆಯುವ ಹಾಗೆ, ಬಾಯಿ ತುಂಬ ಕರೆದ.